ಕಳಚಲಾಗದ ಧನಾವೇಶ: ಸಕ್ಸಮೆಥೋನಿಯಂ ಎಂಬ ಹತ್ತು ನಿಮಿಷದ ಮದ್ದು

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ ರೋಗಿಗೆ ನಿದ್ದೆ ಹತ್ತಿದ ಮರುಕ್ಷಣವೇ ಅರಿವಳಿಕೆ ತಜ್ಞರು ಎರಡನೆಯ ಸಿರಿಂಜನ್ನು ಕೈಗೆತ್ತಿಕೊಳ್ಳುತ್ತಾರೆ. ಅದರಲ್ಲಿರುವುದು ದೇಹತೂಕದ ಪ್ರತಿ ಕಿಲೋಗ್ರಾಂಗೆ 1ರಿಂದ 1.5 ಮಿಲಿಗ್ರಾಂ ಲೆಕ್ಕದಲ್ಲಿ ಅಳೆದ ತಿಳಿದ್ರವ. ರಕ್ತನಾಳಕ್ಕೆ ಅದು ಸೇರಿದ ಸ್ವಲ್ಪ ಹೊತ್ತಿಗೆ ರೆಪ್ಪೆ, ಕೆನ್ನೆ, ಭುಜ, ಕಾಲುಗಳ ಸ್ನಾಯುಗಳು ಚರ್ಮದಡಿಯಲ್ಲಿ ಹುಳು ಹರಿದಂತೆ ಅದುರುತ್ತವೆ. ಒಂದು ನಿಮಿಷ ತುಂಬುವಷ್ಟರಲ್ಲಿ ಅದುರುವುದೂ ನಿಂತು ಇಡೀ ಮೈ ಸಡಿಲವಾಗುತ್ತದೆ. ವಪೆಯೂ ಕದಲುವುದಿಲ್ಲ, ಅಂದರೆ ಉಸಿರು ನಿಂತಿದೆ. ಸಡಿಲಗೊಂಡ ಗಂಟಲಿನ ಮೂಲಕ ವೈದ್ಯರು ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಉಸಿರಾಟದ ಹೊಣೆಯನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ. ಐದರಿಂದ ಹತ್ತು ನಿಮಿಷ ಕಳೆಯಿತೆನ್ನುವಾಗ ಸ್ನಾಯುಗಳು ತಮ್ಮಷ್ಟಕ್ಕೆ ತಾವೇ ಮರಳಿ ಬಿಗಿಯುತ್ತವೆ.

ಈ ಔಷಧದ ಹೆಸರು ಸಕ್ಸಮೆಥೋನಿಯಂ. ಅಮೆರಿಕದವರಿಗೆ ಇದು ಸಕ್ಸಿನೈಲ್‌ಕೋಲೀನ್. ಶಸ್ತ್ರಚಿಕಿತ್ಸಾ ಕೊಠಡಿಯ ಮಾತಿನಲ್ಲಿ ಬರೀ ಸಕ್ಸ್, ಇಲ್ಲವೇ ಹಳೆಯ ಬ್ರಾಂಡ್ ಹೆಸರಿನಿಂದ ಸ್ಕೋಲಿನ್. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ಆದರೆ ಇದು ನಿದ್ದೆ ಬರಿಸುವುದಿಲ್ಲ, ನೋವನ್ನೂ ಕಳೆಯುವುದಿಲ್ಲ. ಮೊದಲ ಸಿರಿಂಜಿನ ನಿದ್ದೆಯ ಮದ್ದು ಕೊಡದೆ ಇದನ್ನಷ್ಟೇ ಕೊಟ್ಟರೆ ರೋಗಿ ಎಲ್ಲವನ್ನೂ ಕೇಳುತ್ತ, ಎಲ್ಲವನ್ನೂ ಅನುಭವಿಸುತ್ತ, ಕಿರುಬೆರಳನ್ನೂ ಎತ್ತಲಾಗದೆ ಬಿದ್ದಿರಬೇಕಾಗುತ್ತದೆ. ಸ್ನಾಯುಗಳನ್ನು ಇಷ್ಟು ಪೂರ್ತಿಯಾಗಿ ಹಿಡಿಯುವ ಮದ್ದು ಮಿದುಳನ್ನು ಮುಟ್ಟುವುದೇ ಇಲ್ಲವೇಕೆ? ಉತ್ತರ ಸಾರಜನಕದ ಒಂದು ಪರಮಾಣುವಿನಲ್ಲಿದೆ. ಸರಿಯಾಗಿ ಹೇಳಬೇಕೆಂದರೆ ಅಂಥ ಎರಡು ಪರಮಾಣುಗಳಲ್ಲಿ.

ಸಾರಜನಕದ ಹೊರಕವಚದಲ್ಲಿ ಐದು ಎಲೆಕ್ಟ್ರಾನುಗಳಿವೆ. ಸಾಮಾನ್ಯವಾಗಿ ಮೂರನ್ನು ನೆರೆಯ ಪರಮಾಣುಗಳೊಂದಿಗೆ ಹಂಚಿಕೊಂಡು, ಉಳಿದೆರಡನ್ನು ಜೋಡಿಯಾಗಿ ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ಅಮೋನಿಯಾದಲ್ಲಿ ಆ ಮೂರು ನೆರೆಯವರು ಜಲಜನಕದ ಪರಮಾಣುಗಳು; ಅವುಗಳ ಜಾಗಕ್ಕೆ ಇಂಗಾಲದ ಗುಂಪುಗಳು ಬಂದರೆ ಅದು ಅಮೈನ್. ಹತ್ತಿರದಲ್ಲಿ ಪ್ರೋಟಾನೊಂದು ಸುಳಿದರೆ ಸಾರಜನಕ ತನ್ನ ಬಿಡಿ ಜೋಡಿಯನ್ನು ಅದಕ್ಕೆ ಒಡ್ಡುತ್ತದೆ. ಆಗ ಅಣುವಿಗೆ ಧನ ವಿದ್ಯುದಾವೇಶ ಬರುತ್ತದೆ. ಪ್ರೋಟಾನ್ ಬಿಟ್ಟುಹೋದರೆ ಆವೇಶವೂ ಹೋಗುತ್ತದೆ. ಮಾರ್ಫಿನ್ ಇಂಥದ್ದು: ರಕ್ತದಲ್ಲಿ ಅದರ ಅಣುಗಳ ಪೈಕಿ ಯಾವುದೇ ಕ್ಷಣದಲ್ಲಿ ಐದನೇ ಒಂದು ಭಾಗದಷ್ಟು ಆವೇಶವಿಲ್ಲದೆ ಇರುತ್ತವೆ. ಜೀವಕೋಶಗಳ ಪೊರೆ ಕೊಬ್ಬಿನಿಂದ ಆದದ್ದು, ಆವೇಶ ಹೊತ್ತವರನ್ನು ಒಳಗೆ ಬಿಡುವುದಿಲ್ಲ. ಆವೇಶವಿಲ್ಲದ ಪಾಲು ಮಾತ್ರ ಪೊರೆಯೊಳಗೆ ನುಸುಳುತ್ತದೆ. ಅದು ನುಸುಳಿದಂತೆಲ್ಲ ಹೊರಗುಳಿದವುಗಳಲ್ಲಿ ಕೆಲವು ಪ್ರೋಟಾನನ್ನು ಬಿಟ್ಟುಕೊಟ್ಟು ಅದೇ ದಾರಿ ಹಿಡಿಯುತ್ತವೆ. ಹೀಗೆ ಮಾರ್ಫಿನ್ ಮಿದುಳನ್ನು ತಲುಪುತ್ತದೆ.

ಈಗ ಪ್ರೋಟಾನಿನ ಜಾಗದಲ್ಲಿ ನಾಲ್ಕನೆಯ ಇಂಗಾಲವನ್ನೇ ಕೂರಿಸಿದರೆ? ಇಂಗಾಲದ ಬಂಧ ಪ್ರೋಟಾನಿನ ಹಾಗೆ ಬಂದು ಹೋಗುವಂಥದ್ದಲ್ಲ. ಸಾರಜನಕಕ್ಕೆ ನಾಲ್ಕು ಕಡೆಯೂ ಇಂಗಾಲ, ಬಿಡಿ ಜೋಡಿ ಉಳಿದಿಲ್ಲ, ಧನಾವೇಶ ಕಾಯಂ. ಸುತ್ತಲಿನ ದ್ರವ ಆಮ್ಲವಾಗಿರಲಿ, ಕ್ಷಾರವಾಗಿರಲಿ, ಅದು ಬದಲಾಗುವುದಿಲ್ಲ. ಅಮೈನಿಗೆ ಆವೇಶವೆಂದರೆ ಮೈಮೇಲಿನ ಅಂಗಿ, ಇದಕ್ಕೆ ಚರ್ಮ. ಇಂಥ ಸಂಯುಕ್ತಗಳಿಗೆ ಚತುರ್ಥಕ ಅಮೋನಿಯಂ, ಅಥವಾ ಬಳಕೆಯ ಮಾತಿನಲ್ಲಿ ಕ್ವಾಟರ್ನರಿ ಅಮೋನಿಯಂ ಸಂಯುಕ್ತಗಳೆಂದು ಹೆಸರು. ಔಷಧದ ಚೀಟಿಯಲ್ಲಿ ಇವುಗಳನ್ನು ಗುರುತಿಸಲು ಒಂದು ಉಪಾಯವಿದೆ: ಇಪ್ರಾಟ್ರೋಪಿಯಂ, ಗ್ಲೈಕೋಪೈರೋನಿಯಂ, ರೋಕುರೋನಿಯಂ, ಬೆನ್ಜಾಲ್ಕೋನಿಯಂ ಎಂದು ಹೆಸರಿನ ಕೊನೆಯಲ್ಲಿ ‘-ಇಯಂ’ ಎಂಬ ಬಾಲ ಕಂಡರೆ ಅಲ್ಲೊಂದು ಕಾಯಂ ಧನಾವೇಶ ಇರುವ ಸಾಧ್ಯತೆ ಹೆಚ್ಚು. (ಕ್ಯಾಲ್ಸಿಯಂ, ಲಿಥಿಯಂಗಳನ್ನು ಈ ಗುಂಪಿಗೆ ಸೇರಿಸಬೇಡಿ, ಅವು ಲೋಹಗಳು.)

ಕಾಯಂ ಆವೇಶದ ಅಣುವಿಗೆ ಮಿದುಳಿನ ರಕ್ತನಾಳಗಳ ಬಿಗಿಯಾದ ಗೋಡೆ ದಾಟುವುದು ಕಷ್ಟ. ಕರುಳಿನಿಂದ ರಕ್ತಕ್ಕೆ ಹೋಗುವುದೂ ಕಷ್ಟ. ಅಮೆಜಾನ್ ಕಾಡಿನ ಬೇಟೆಗಾರರಿಗೆ ರಸಾಯನಶಾಸ್ತ್ರ ತಿಳಿಯದಿದ್ದರೂ ಈ ಸಂಗತಿ ತಿಳಿದಿತ್ತು. ಬಾಣದ ಮೊನೆಗೆ ಅವರು ಬಳಿಯುತ್ತಿದ್ದ ಕ್ಯುರಾರೆ ಎಂಬ ವಿಷ ಪ್ರಾಣಿಯ ರಕ್ತಕ್ಕೆ ಸೇರಿದರೆ ಸ್ನಾಯುಗಳು ಕೈಕೊಟ್ಟು, ಉಸಿರುಗಟ್ಟಿ ಅದು ಸಾಯುತ್ತಿತ್ತು. ಅದೇ ಮಾಂಸ ತಿಂದ ಬೇಟೆಗಾರನಿಗೆ ಏನೂ ಆಗುತ್ತಿರಲಿಲ್ಲ.

ಆವೇಶಕ್ಕೂ ನಿಶ್ಚಲತೆಗೂ ನಂಟಿದೆ ಎಂದು ಮೊದಲು ತೋರಿಸಿದವರು ಎಡಿನ್‌ಬರೋದ ಇಬ್ಬರು: ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಕ್ರಮ್ ಬ್ರೌನ್ ಮತ್ತು ವೈದ್ಯ ಥಾಮಸ್ ಫ್ರೇಸರ್. 1868ರಲ್ಲಿ ಅವರು ಸ್ಟ್ರಿಕ್ನೀನ್, ಮಾರ್ಫಿನ್, ಕೊಡೀನ್ ಮುಂತಾದ ಸಸ್ಯಜನ್ಯ ವಸ್ತುಗಳನ್ನು ಮೀಥೈಲ್ ಅಯೊಡೈಡಿನ ಜೊತೆ ಬೆರೆಸಿ ಸಾರಜನಕಕ್ಕೆ ನಾಲ್ಕನೆಯ ಇಂಗಾಲವನ್ನು ತೊಡಿಸಿದರು. ಸ್ಟ್ರಿಕ್ನೀನ್ ಎಂದರೆ ಮೈಯನ್ನೆಲ್ಲ ಸೆಟೆಸಿ ಕೊಲ್ಲುವ ವಿಷ. ಮೀಥೈಲ್ ತೊಟ್ಟ ಸ್ಟ್ರಿಕ್ನೀನ್ ಇದಕ್ಕೆ ತದ್ವಿರುದ್ಧವಾಗಿ, ಕ್ಯುರಾರೆಯಂತೆ ಸ್ನಾಯುಗಳನ್ನು ಸಡಿಲಗೊಳಿಸಿತು. ಮೂಲ ವಸ್ತುಗಳ ಸ್ವಭಾವ ಒಂದೊಂದು ತೆರ. ಚತುರ್ಥಕವಾದ ಮೇಲೆ ಎಲ್ಲವುಗಳದೂ ಒಂದೇ ತೆರ. ಅಣುವಿನ ರಚನೆಯನ್ನು ನೋಡಿ ಔಷಧದ ಗುಣವನ್ನು ಊಹಿಸಬಹುದೆಂಬ ವಿಚಾರ ಇಲ್ಲಿಂದ ಬೆಳೆಯಿತು. ಇಂದಿನ ಔಷಧ ವಿನ್ಯಾಸಕ್ಕೆಲ್ಲ ಇದೇ ಬುನಾದಿ ಎಂದರೆ ನನ್ನ ಮಟ್ಟಿಗೆ ಅತಿಶಯೋಕ್ತಿಯಲ್ಲ.

ನಂಟು ಇರುವುದೇಕೆ? ನರವು ಸ್ನಾಯುವಿಗೆ ಸಂದೇಶ ಕಳಿಸಲು ಬಳಸುವ ಅಸೆಟೈಲ್‌ಕೋಲೀನ್ ಕೂಡ ಚತುರ್ಥಕ ಅಮೋನಿಯಂ ಸಂಯುಕ್ತವೇ. ಅದರ ಒಂದು ತುದಿಯಲ್ಲಿ ಮೂರು ಮೀಥೈಲ್ ಗುಂಪುಗಳನ್ನು ಹೊತ್ತ ಧನಾವೇಶದ ಸಾರಜನಕ, ಇನ್ನೊಂದು ತುದಿಯಲ್ಲಿ ಅಸೆಟೇಟ್, ನಡುವೆ ಸುಲಭವಾಗಿ ತುಂಡಾಗುವ ಎಸ್ಟರ್ ಬಂಧ. ಸ್ನಾಯುವಿನ ಮೇಲಿರುವ ಗ್ರಾಹಕವು ಐದು ಪ್ರೋಟೀನುಗಳು ವೃತ್ತಾಕಾರವಾಗಿ ನಿಂತು ಮಾಡಿದ ಬಾಗಿಲು. ಅದರಲ್ಲಿ ಅಸೆಟೈಲ್‌ಕೋಲೀನ್ ಕೂರಲು ಎರಡು ಗೂಡುಗಳು. ಎರಡೂ ತುಂಬಿದಾಗ ಬಾಗಿಲು ತೆರೆದು ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಸಂಕುಚಿಸುತ್ತದೆ. ಧನಾವೇಶವನ್ನು ಹಿಡಿಯುವ ಗೂಡಿನಲ್ಲಿ ಋಣಾವೇಶ ಕಾದಿರಬೇಕೆಂದು ಬಹುಕಾಲ ಎಲ್ಲರೂ ನಂಬಿದ್ದರು. ಹತ್ತಿರದಿಂದ ನೋಡಿದಾಗ ಅಲ್ಲಿ ಸಿಕ್ಕಿದ್ದು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ ಉಂಗುರ. ಉಂಗುರದ ಮೇಲೆ ಹರಡಿದ ಎಲೆಕ್ಟ್ರಾನುಗಳ ಮೋಡಕ್ಕೆ ಧನಾವೇಶದ ಸಾರಜನಕ ಒರಗಿ ಕೂರುತ್ತದೆ. ಅಸೆಟೈಲ್‌ಕೋಲೀನನ್ನು ಕತ್ತರಿಸುವ ಅಸೆಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ್ದೂ ಇದೇ ಕಥೆ. 1991ರಲ್ಲಿ ಟಾರ್ಪಿಡೊ ಎಂಬ ವಿದ್ಯುತ್ ಮೀನಿನಿಂದ ತೆಗೆದ ಕಿಣ್ವದ ಹರಳಿನ ರಚನೆ ಹೊರಬಿದ್ದಾಗ, ಪಠ್ಯಪುಸ್ತಕಗಳು ಋಣಾವೇಶದ ತಾಣವೆಂದು ಕರೆಯುತ್ತಿದ್ದ ಜಾಗದಲ್ಲಿ ಕಂಡದ್ದು ಇಂಥ ಉಂಗುರವೇ.

ಇನ್ನು ಸಕ್ಸಮೆಥೋನಿಯಂ ರಚನೆ. ಎರಡು ಅಸೆಟೈಲ್‌ಕೋಲೀನ್ ಅಣುಗಳನ್ನು ಅವುಗಳ ಅಸೆಟೇಟ್ ತುದಿಗಳು ಎದುರುಬದುರಾಗುವಂತೆ ಇಟ್ಟು ಬೆಸೆಯಿರಿ, ಸಿಗುವುದೇ ಸಕ್ಸಮೆಥೋನಿಯಂ. ರಸಾಯನಶಾಸ್ತ್ರಜ್ಞರು ಇದನ್ನು ಸಕ್ಸಿನಿಕ್ ಆಮ್ಲಕ್ಕೆ ಎರಡು ಕೋಲೀನ್ ಅಂಟಿಸಿದ ಎಸ್ಟರ್ ಎನ್ನುತ್ತಾರೆ, ಎರಡೂ ಒಂದೇ. ಎರಡು ತುದಿಗಳಲ್ಲಿ ಎರಡು ಧನಾವೇಶ, ನಡುವಿನ ಸರಪಳಿಯಲ್ಲಿ ಹತ್ತು ಪರಮಾಣು.

ಈ ಹತ್ತು ಎಂಬ ಸಂಖ್ಯೆಗೂ ಒಂದು ಕಥೆಯಿದೆ. ಕ್ಯುರಾರೆಯ ಸತ್ವವಾದ ಟ್ಯೂಬೊಕ್ಯುರಾರಿನ್‌ನ ರಚನೆಯನ್ನು 1935ರಲ್ಲಿ ಹೆರಾಲ್ಡ್ ಕಿಂಗ್ ಪ್ರಕಟಿಸಿದಾಗ ಅದರಲ್ಲಿ ಎರಡು ಚತುರ್ಥಕ ಸಾರಜನಕಗಳಿವೆ ಎಂದು ಬರೆದಿದ್ದರು. ಅದನ್ನು ನಂಬಿದ ಸಂಶೋಧಕರು ಎರಡು ಧನಾವೇಶಗಳನ್ನು ಬೇರೆ ಬೇರೆ ಉದ್ದದ ಸರಪಳಿಗಳಿಂದ ಜೋಡಿಸಿ ನೋಡತೊಡಗಿದರು. 1948ರಲ್ಲಿ ಪೇಟನ್ ಮತ್ತು ಜೈಮಿಸ್ ಅವರಿಗೆ ಹತ್ತು ಇಂಗಾಲಗಳ ಸರಪಳಿ ಸ್ನಾಯುಗಳ ಮೇಲೆ ಪ್ರಬಲವಾಗಿ ಕೆಲಸ ಮಾಡುವುದು ಕಂಡಿತು. ಡೆಕಮೆಥೋನಿಯಂ ಹುಟ್ಟಿದ್ದು ಹಾಗೆ. ತಮಾಷೆಯೆಂದರೆ ಕಿಂಗ್ ಅವರ ರಚನೆಯೇ ತಪ್ಪಾಗಿತ್ತು. ಟ್ಯೂಬೊಕ್ಯುರಾರಿನ್‌ನಲ್ಲಿ ಚತುರ್ಥಕ ಸಾರಜನಕ ಒಂದೇ ಎಂದು 1970ರಲ್ಲಿ ಗೊತ್ತಾಯಿತು. ಎರಡನೆಯದು ಪ್ರೋಟಾನ್ ಹೊತ್ತು ತಿರುಗುವ ಸಾಮಾನ್ಯ ಅಮೈನ್. ತಪ್ಪು ನಕ್ಷೆ ಹಿಡಿದು ಹೊರಟವರು ಸರಿಯಾದ ಊರಿಗೇ ಬಂದು ತಲುಪಿದ್ದರು.

ಸಕ್ಸಮೆಥೋನಿಯಂ ಅದಕ್ಕಿಂತ ಹಳೆಯದು. 1906ರಲ್ಲೇ ಅಮೆರಿಕದ ರೀಡ್ ಹಂಟ್ ಮತ್ತು ರೆನೆ ಟಾವೋ ಇದನ್ನು ಪ್ರಾಣಿಗಳಿಗೆ ಕೊಟ್ಟು ನೋಡಿದ್ದರು. ಅವರ ಕಣ್ಣಿದ್ದದ್ದು ರಕ್ತದೊತ್ತಡದ ಮೇಲೆ. ಪ್ರಯೋಗದ ನಡುವೆ ಪ್ರಾಣಿ ಕದಲಬಾರದೆಂದು ಅದಕ್ಕೆ ಮೊದಲೇ ಕ್ಯುರಾರೆ ಕೊಟ್ಟಿದ್ದರು! ಮೊದಲೇ ಸ್ತಬ್ಧವಾದ ಪ್ರಾಣಿಯನ್ನು ಇನ್ನೊಂದು ಮದ್ದು ಸ್ತಬ್ಧಗೊಳಿಸಿದರೆ ಯಾರಿಗೆ ತಿಳಿಯಬೇಕು? ನಾಲ್ಕು ದಶಕಗಳ ಬಳಿಕ, 1949ರಲ್ಲಿ, ರೋಮ್ ನಗರದಲ್ಲಿ ಡೇನಿಯಲ್ ಬೋವೆ ಮತ್ತು ಸಂಗಡಿಗರು ಇದರ ನಿಜವಾದ ಗುಣವನ್ನು ಗುರುತಿಸಿದರು. 1951ರ ಹೊತ್ತಿಗೆ ಯುರೋಪಿನ ಶಸ್ತ್ರಚಿಕಿತ್ಸಾ ಕೊಠಡಿಗಳಿಗೆ ಅದು ಬಂದಿತ್ತು. ಬೋವೆ ಅವರಿಗೆ 1957ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಾಗ ಸ್ನಾಯುಗಳ ಮೇಲೆ ಕೆಲಸ ಮಾಡುವ ಕೃತಕ ಸಂಯುಕ್ತಗಳೂ ಅದಕ್ಕೆ ಕಾರಣವಾಗಿದ್ದವು.

ಅಸೆಟೈಲ್‌ಕೋಲೀನಿನ ಜೋಡಿರೂಪವೇ ಆದ ಅಣು ಸ್ನಾಯುವನ್ನು ಕುಣಿಸಬೇಕಲ್ಲವೇ, ಸಡಿಲಗೊಳಿಸುವುದು ಹೇಗೆ? ಮೊದಲು ಕುಣಿಸಿಯೇ ಕುಣಿಸುತ್ತದೆ. ಆರಂಭದ ಅದುರುವಿಕೆ ಅದೇ. ಮನೆಯ ಕರೆಗಂಟೆಯನ್ನು ನೆನೆಯಿರಿ. ಗುಂಡಿ ಒತ್ತಿ ಬಿಟ್ಟರೆ ಒಂದು ಸಲ ಟಣ್ ಎನ್ನುವ ಗಂಟೆ ಅದು. ಒತ್ತಿದ ಬೆರಳನ್ನು ತೆಗೆಯದಿದ್ದರೆ ಎರಡನೆಯ ಟಣ್ ಬರುವುದೇ ಇಲ್ಲ. ಅಸೆಟೈಲ್‌ಕೋಲೀನ್ ಒತ್ತಿದ ಗುಂಡಿಯನ್ನು ಕಿಣ್ವವು ಸೆಕೆಂಡಿನ ಸಾವಿರದ ಒಂದೆರಡು ಭಾಗದೊಳಗೆ ಬಿಡಿಸಿಬಿಡುತ್ತದೆ. ಸಕ್ಸಮೆಥೋನಿಯಂ ಮಾತ್ರ ಆ ಕಿಣ್ವಕ್ಕೆ ಬಗ್ಗುವುದಿಲ್ಲ. ಅದು ಗೂಡಿನಲ್ಲಿ ಮತ್ತೆ ಮತ್ತೆ ಬಂದು ಕೂರುತ್ತದೆ, ಬಾಗಿಲು ತೆರೆದೇ ಇರುತ್ತದೆ. ಪಕ್ಕದಲ್ಲಿ ಸಂದೇಶವನ್ನು ಮುಂದಕ್ಕೆ ಸಾಗಿಸಬೇಕಾದ ಸೋಡಿಯಂ ದಾರಿಗಳು ಒಮ್ಮೆ ತೆರೆದು ಮುಚ್ಚಿಕೊಳ್ಳುತ್ತವೆ. ಪೊರೆ ಮೊದಲ ಸ್ಥಿತಿಗೆ ಮರಳುವತನಕ ಅವು ಮತ್ತೆ ತೆರೆಯುವಂತಿಲ್ಲ. ನರ ಎಷ್ಟು ಕೂಗಿದರೂ ಸ್ನಾಯುವಿಗೆ ಕೇಳಿಸದು. ಕ್ಯುರಾರೆ ಮತ್ತು ಅದರ ವಂಶದ ಔಷಧಗಳು ಬಾಗಿಲನ್ನು ತೆರೆಯಗೊಡದೆ ಇದೇ ಫಲ ಪಡೆಯುತ್ತವೆ. ಆದ್ದರಿಂದಲೇ ಅವುಗಳಲ್ಲಿ ಅದುರುವಿಕೆ ಇಲ್ಲ. ಹೃದಯದ ಬಡಿತಕ್ಕೆ ನರದ ಅಪ್ಪಣೆ ಬೇಕಿಲ್ಲ, ಅಲ್ಲಿನ ಅಸೆಟೈಲ್‌ಕೋಲೀನ್ ಗ್ರಾಹಕಗಳ ಜಾತಿಯೂ ಬೇರೆ. ಹಾಗಾಗಿ ಅದು ನಡೆಯುತ್ತಲೇ ಇರುತ್ತದೆ, ಕೆಲವೊಮ್ಮೆ, ವಿಶೇಷವಾಗಿ ಮಕ್ಕಳಲ್ಲಿ ಎರಡನೆಯ ಸಲ ಮದ್ದು ಕೊಟ್ಟಾಗ, ನಿಧಾನವಾಗುವುದುಂಟು.

ಹತ್ತು ನಿಮಿಷದ ಗುಟ್ಟು ಎಸ್ಟರ್ ಬಂಧಗಳಲ್ಲಿದೆ. ನರ-ಸ್ನಾಯುಗಳ ಸಂಧಿಯಲ್ಲಿರುವ ಕಿಣ್ವ ಕತ್ತರಿಸದ ಈ ಬಂಧಗಳನ್ನು ರಕ್ತದಲ್ಲಿ ತೇಲುವ ಅದರ ಸೋದರಸಂಬಂಧಿ ಬ್ಯುಟಿರೈಲ್‌ಕೋಲಿನೆಸ್ಟರೇಸ್ ಸಲೀಸಾಗಿ ಕತ್ತರಿಸುತ್ತದೆ. ಯಕೃತ್ತಿನಲ್ಲಿ ತಯಾರಾಗುವ ಈ ಕಿಣ್ವದ ಚುರುಕು ಎಷ್ಟೆಂದರೆ ಚುಚ್ಚಿದ ಮದ್ದಿನ ಬಹುಪಾಲು ಸ್ನಾಯುವನ್ನು ತಲುಪುವ ಮೊದಲೇ ದಾರಿಯಲ್ಲಿ ನಾಶವಾಗಿರುತ್ತದೆ. ತಲುಪಿದ ಸ್ವಲ್ಪ ಪಾಲೂ ಸಂಧಿಯಿಂದ ಮೆಲ್ಲಗೆ ರಕ್ತಕ್ಕೆ ಮರಳಿದ ಹಾಗೆಲ್ಲ ತುಂಡಾಗುತ್ತದೆ. ಕೊನೆಗೆ ಉಳಿಯುವ ಕೋಲೀನ್, ಸಕ್ಸಿನಿಕ್ ಆಮ್ಲ ಎರಡೂ ದೇಹಕ್ಕೆ ಹಳೆಯ ಪರಿಚಯದವು. ಸಕ್ಸಿನಿಕ್ ಆಮ್ಲವಂತೂ ಪ್ರತಿ ಜೀವಕೋಶದ ಶಕ್ತಿ ಉತ್ಪಾದನೆಯ ಚಕ್ರದಲ್ಲಿ ಹಗಲಿರುಳೂ ತಿರುಗುತ್ತಿರುವಂಥದ್ದು. ಬರೀ ಇಂಗಾಲದ ಸರಪಳಿಯಿದ್ದ ಡೆಕಮೆಥೋನಿಯಂನಲ್ಲಿ ಕಿಣ್ವ ಕತ್ತರಿ ಹಾಕುವಂಥ ಜಾಗವೇ ಇರಲಿಲ್ಲ; ಅದು ಹಿಂದೆ ಸರಿಯಿತು, ಇದು ಉಳಿಯಿತು. ಎಸ್ಟರಿನ ಈ ದೌರ್ಬಲ್ಯ ಸೀಸೆಯಲ್ಲೂ ಬಿಡುವುದಿಲ್ಲ. ನೀರಿನಲ್ಲಿ ಕರಗಿಸಿಟ್ಟ ಮದ್ದು ತಾನಾಗಿಯೇ ನಿಧಾನವಾಗಿ ಒಡೆಯುವುದರಿಂದ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು.

ಕಿಣ್ವವೇ ಕೆಟ್ಟಿದ್ದರೆ? 1950ರ ದಶಕದಲ್ಲಿ ಕೆಲವು ರೋಗಿಗಳು ಹತ್ತು ನಿಮಿಷಕ್ಕೆ ಬದಲು ಗಂಟೆಗಟ್ಟಲೆ ಉಸಿರಾಡದೆ ಉಳಿದಾಗ ವೈದ್ಯರು ಕಂಗಾಲಾದರು. ಟೊರಾಂಟೊದ ವರ್ನರ್ ಕಾಲೋ ಇದರ ಬೆನ್ನುಹತ್ತಿದರು. ಇಂಥವರ ರಕ್ತದಲ್ಲಿ ಕಿಣ್ವ ಇಲ್ಲದೆ ಇರಲಿಲ್ಲ. ಇದ್ದದ್ದು ಬೇರೆ ಬಗೆಯದು. ಡಿಬುಕೇನ್ ಎಂಬ ವಸ್ತು ಮಾಮೂಲಿ ಕಿಣ್ವದ ಕೆಲಸವನ್ನು ಶೇಕಡಾ 80ರಷ್ಟು ತಡೆದರೆ, ಇವರ ಕಿಣ್ವವನ್ನು ಶೇಕಡಾ 20ರಷ್ಟು ಮಾತ್ರ ತಡೆಯಿತು. ತಂದೆ, ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ದೋಷ ಪಡೆದವರು ನಡುವೆ, 60ರ ಆಸುಪಾಸಿನಲ್ಲಿ ನಿಂತರು. 1957ರ ಈ ಡಿಬುಕೇನ್ ಸಂಖ್ಯೆ, ವಂಶವಾಹಿಗಳಿಗೂ ಔಷಧಕ್ಕೆ ಮೈ ಒಗ್ಗುವ ರೀತಿಗೂ ಇರುವ ಸಂಬಂಧವನ್ನು ಹುಡುಕುವ ಶಾಸ್ತ್ರದ ಮೊದಲ ಮೆಟ್ಟಿಲುಗಳಲ್ಲಿ ಒಂದು.

ದೋಷ ಎಲ್ಲಿದೆ ಎಂಬುದು ತಿಳಿದದ್ದು ದಶಕಗಳ ನಂತರ. ನನಗೆ ಇಡೀ ಕಥೆಯಲ್ಲಿ ತುಂಬ ಹಿಡಿಸಿದ ಭಾಗ ಇದು. ಕಿಣ್ವದ ಸರಪಳಿಯಲ್ಲಿ 70ನೆಯ ಸ್ಥಾನದಲ್ಲಿ ಸಾಮಾನ್ಯವಾಗಿ ಆಸ್ಪಾರ್ಟಿಕ್ ಆಮ್ಲ ಇರುತ್ತದೆ. ಅದಕ್ಕೆ ಋಣಾವೇಶ. ಕಿಣ್ವದೊಳಗೆ ಕತ್ತರಿಸುವ ಕೆಲಸ ನಡೆಯುವ ಕಂದಕದ ಬಾಯಲ್ಲೇ ನಿಂತು ಅದು ಧನಾವೇಶದ ಅಣುವನ್ನು ಒಳಗೆ ಕರೆದುಕೊಳ್ಳುತ್ತದೆ. ಮಾರ್ಪಟ್ಟ ಕಿಣ್ವದಲ್ಲಿ ಆ ಜಾಗದಲ್ಲಿರುವುದು ಆವೇಶವೇ ಇಲ್ಲದ ಗ್ಲೈಸಿನ್. ಬಾಗಿಲಲ್ಲಿ ಕರೆಯುವವರಿಲ್ಲ, ಸಕ್ಸಮೆಥೋನಿಯಂ ಒಳಬರುವುದಿಲ್ಲ, ಕತ್ತರಿಗೆ ಸಿಗುವುದೂ ಇಲ್ಲ. ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದಕ್ಕೆ ಮನುಷ್ಯ ಗಂಟೆಗಟ್ಟಲೆ ವೆಂಟಿಲೇಟರಿನ ಮೇಲೆ. ಇದೇ ವಂಶವಾಹಿಯಲ್ಲಿ ಬೇರೆ ಬಗೆಯ ಬದಲಾವಣೆಗಳೂ ಇವೆ. ಕೆಲವು ಸಮುದಾಯಗಳಲ್ಲಿ, ಉದಾಹರಣೆಗೆ ದಕ್ಷಿಣ ಭಾರತದ ಆರ್ಯವೈಶ್ಯರಲ್ಲಿ, ಕಿಣ್ವದ ಕೊರತೆ ಇತರರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಸ್ಕೋಲಿನ್ ಅಪ್ನಿಯಾ ಎಂದು ಕರೆಯುವ ಈ ಸ್ಥಿತಿಗೆ ಚಿಕಿತ್ಸೆ ಸರಳ: ರೋಗಿಯನ್ನು ನಿದ್ದೆಯಲ್ಲಿಟ್ಟು, ಯಂತ್ರದಿಂದ ಉಸಿರಾಡಿಸುತ್ತ ಕಾಯುವುದು. ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯ ನಂತರ ಹೀಗಾಗಿತ್ತೆಂದು ಗೊತ್ತಿದ್ದರೆ ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಹೇಳಬೇಕು.

ಔಷಧದ ಉಪಯೋಗ ಅದರ ವೇಗದಲ್ಲಿದೆ. ಹೊಟ್ಟೆ ತುಂಬಿರುವ ರೋಗಿ ಅಪಘಾತಕ್ಕೆ ಸಿಕ್ಕಿ ಬಂದರೆ, ನಿದ್ದೆ ಹತ್ತಿದ ಮೇಲೆ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯವಿರುತ್ತದೆ. ನಿದ್ದೆಗೂ ಕೊಳವೆಗೂ ನಡುವಿನ ಸಮಯ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ಪೂರ್ಣ ಅರಿವಳಿಕೆಯಲ್ಲಿ ಮಾಡುವ ತುರ್ತು ಸಿಸೇರಿಯನ್‌ನಲ್ಲೂ ಇದೇ ಲೆಕ್ಕ. ಜೊತೆಗೆ ಆವೇಶದ ಕಾರಣ ಮದ್ದು ಜರಾಯುವನ್ನು ದಾಟಿ ಮಗುವನ್ನು ಸೇರುವುದು ತೀರ ಅತ್ಯಲ್ಪ. ಧ್ವನಿಪೆಟ್ಟಿಗೆ ಹಠಾತ್ತನೆ ಬಿಗಿದು ಗಾಳಿಯ ದಾರಿ ಮುಚ್ಚಿದಾಗ ಅದನ್ನು ಬಿಡಿಸಲು ಇದು ಬಳಕೆಯಾಗುತ್ತದೆ. ಮನೋವೈದ್ಯರು ಕೊಡುವ ವಿದ್ಯುತ್ ಚಿಕಿತ್ಸೆಯಲ್ಲೂ ಇದೆ: ಮಿದುಳಿನಲ್ಲಿ ಸೆಳವು ಆಗಲಿ, ಆದರೆ ಮೈ ಒದ್ದಾಡಿ ಮೂಳೆ ಮುರಿಯದಿರಲಿ ಎಂದು.

ಅಪಾಯಗಳ ವಿಷಯದಲ್ಲಿ ಈ ಮದ್ದನ್ನು ಸಾಧು ಎನ್ನಲಾಗದು. ತೆರೆದ ಬಾಗಿಲಿನಿಂದ ಸೋಡಿಯಂ ಒಳಬರುವಾಗ ಪೊಟ್ಯಾಸಿಯಂ ಹೊರಹೋಗುತ್ತದೆ. ಆರೋಗ್ಯವಂತರ ರಕ್ತದಲ್ಲಿ ಅದರ ಮಟ್ಟ ಲೀಟರಿಗೆ ಸುಮಾರು 0.5 ಮಿಲಿಮೋಲ್ ಏರಿ ಇಳಿಯುತ್ತದೆ, ಅಷ್ಟೇ. ಆದರೆ ಸುಟ್ಟಗಾಯ, ಬೆನ್ನುಹುರಿಯ ಪೆಟ್ಟು, ತಿಂಗಳುಗಟ್ಟಲೆ ಹಾಸಿಗೆ ಹಿಡಿದಿರುವುದು, ಇವು ಸ್ನಾಯುವನ್ನು ಬದಲಿಸುತ್ತವೆ. ಸಂಧಿಯಲ್ಲಷ್ಟೇ ಇರಬೇಕಾದ ಗ್ರಾಹಕಗಳು ಸ್ನಾಯುವಿನ ಮೈತುಂಬ ಮೊಳೆಯುತ್ತವೆ. ಆಗ ಇದೇ ಮದ್ದು ಸಾವಿರಾರು ಹೊಸ ಬಾಗಿಲುಗಳನ್ನು ಒಟ್ಟಿಗೆ ತೆರೆಯುತ್ತದೆ, ನುಗ್ಗಿದ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು. ಸುಟ್ಟ ಮೊದಲ ದಿನ ಈ ಭಯವಿಲ್ಲ, ದಿನ ಕಳೆದಂತೆ ಬೆಳೆಯುತ್ತದೆ. ರೋಗಪತ್ತೆಯಾಗದ ಸ್ನಾಯುಕ್ಷಯವಿರುವ ಮಕ್ಕಳಲ್ಲೂ ಹೀಗೇ ಆಗಬಹುದಾದ್ದರಿಂದ ಮಕ್ಕಳಿಗೆ ಇದನ್ನು ತುರ್ತಿನಲ್ಲಲ್ಲದೆ ಕೊಡುವುದಿಲ್ಲ. ಇನ್ನು ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆಯನ್ನು ನೋಡಿಕೊಳ್ಳುವ ಆರ್‌ವೈಆರ್1 ವಂಶವಾಹಿಯಲ್ಲಿ ದೋಷವಿರುವ ಕೆಲವರಲ್ಲಿ ಸ್ನಾಯುಗಳು ಬಿಗಿದು ಮೈಬಿಸಿ ವಿಪರೀತ ಏರುತ್ತದೆ. ಡಾಂಟ್ರೋಲೀನ್ ಎಂಬ ಪ್ರತಿಮದ್ದು ಬರುವ ಮುನ್ನ ಅಂಥ ಬಹುತೇಕರು ಉಳಿಯುತ್ತಿರಲಿಲ್ಲ. ಇವುಗಳ ಮುಂದೆ ಮರುದಿನದ ಮೈಕೈ ನೋವು ದೂರಿಗೆ ಯೋಗ್ಯವಲ್ಲದ ಸಂಗತಿ.

ಹಾಗಾದರೆ ಇದನ್ನು ಬಿಟ್ಟುಬಿಡಬಾರದೇ? ರೋಕುರೋನಿಯಂ ಎಂಬ ಪ್ರತಿಸ್ಪರ್ಧಿ ಬಂದಿದೆ. ಅದೂ ಚತುರ್ಥಕವೇ, ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಒಂದು ನಿಮಿಷದಲ್ಲಿ ಕೆಲಸ ಮಾಡುತ್ತದೆ. ಅದರ ತೊಡಕು ಬೇಗ ಇಳಿಯದಿರುವುದು. ಆ ತೊಡಕಿಗೂ ಆವೇಶದಿಂದಲೇ ಉತ್ತರ ಸಿಕ್ಕಿದ್ದು ಸೊಗಸು: 2008ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆದ ಸುಗಮಡೆಕ್ಸ್ ಸಕ್ಕರೆಯ ಅಣುಗಳಿಂದಾದ ಬಳೆಯಂಥ ರಚನೆ. ಬಳೆಯ ಅಂಚಿನಲ್ಲಿ ಋಣಾವೇಶದ ಎಂಟು ಬಾಲಗಳು. ರೋಕುರೋನಿಯಂನ ಕೊಬ್ಬಿನಂಥ ಮೈ ಬಳೆಯ ಟೊಳ್ಳಿಗೆ ಇಳಿಯುತ್ತದೆ, ಅದರ ಧನಾವೇಶವನ್ನು ಬಾಲಗಳು ಹಿಡಿದುಕೊಳ್ಳುತ್ತವೆ, ಜೋಡಿ ಹಾಗೆಯೇ ಮೂತ್ರದಲ್ಲಿ ಹೊರಹೋಗುತ್ತದೆ. ಸಕ್ಸಮೆಥೋನಿಯಂ ಈ ಬಳೆಗೆ ಸಿಗುವಂಥದ್ದಲ್ಲ. ಯಾವುದು ಮೇಲೆಂಬ ವಾದ ಅರಿವಳಿಕೆ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಸುಗಮಡೆಕ್ಸ್ ಕೈಗೆಟುಕದ ಕಡೆಗಳಲ್ಲಿ ವಾದಕ್ಕೆ ಅವಕಾಶವೂ ಕಡಿಮೆ.

ಸಕ್ಸಮೆಥೋನಿಯಂ, ರೋಕುರೋನಿಯಂ ಎರಡೂ ಹಂಚಿಕೊಂಡಿರುವ ಅಪಾಯವೊಂದಿದೆ, ತೀವ್ರ ಅಲರ್ಜಿ. ವಿಚಿತ್ರವೆಂದರೆ ಬದುಕಿನಲ್ಲಿ ಎಂದೂ ಈ ಮದ್ದು ಪಡೆಯದವರಲ್ಲೂ ಮೊದಲ ಸಲಕ್ಕೇ ಅದು ಕಾಣಿಸಿಕೊಳ್ಳುತ್ತಿತ್ತು. ದೇಹದ ಪ್ರತಿಕಾಯಗಳು ಹಿಡಿಯುತ್ತಿದ್ದದ್ದು ಇಂಗಾಲಗಳಿಂದ ಸುತ್ತುವರಿದ ಸಾರಜನಕವನ್ನೇ. ಆದರೆ ಆ ರೂಪವನ್ನು ದೇಹ ಮೊದಲು ಕಂಡದ್ದೆಲ್ಲಿ? ನಾರ್ವೆಯಲ್ಲಿ ಇಂಥ ಪ್ರಕರಣಗಳು ಹೆಚ್ಚು, ಪಕ್ಕದ ಸ್ವೀಡನ್‌ನಲ್ಲಿ ತೀರಾ ಕಡಿಮೆ. ಸಂಶೋಧಕರ ಅನುಮಾನ ಕೊನೆಗೆ ಹೋಗಿ ನಿಂತದ್ದು ಕೆಮ್ಮಿನ ಸಿರಪ್ಪಿನ ಮೇಲೆ. ಫೋಲ್ಕೊಡಿನ್ ಎಂಬ ಕೆಮ್ಮಿನ ಮದ್ದು ನಾರ್ವೆಯಲ್ಲಿ ಮಾರಾಟದಲ್ಲಿತ್ತು, ಸ್ವೀಡನ್‌ನಲ್ಲಿ ಇರಲಿಲ್ಲ. ಫೋಲ್ಕೊಡಿನ್ ಚತುರ್ಥಕವಲ್ಲ, ಪ್ರೋಟಾನ್ ಹೊತ್ತಾಗ ಮಾತ್ರ ಹಾಗೆ ಕಾಣುತ್ತದೆ; ಪ್ರತಿಕಾಯಗಳಿಗೆ ಅಷ್ಟೇ ಸಾಕಾಗಿತ್ತು. 2007ರಲ್ಲಿ ನಾರ್ವೆ ಆ ಸಿರಪ್ಪನ್ನು ಮಾರುಕಟ್ಟೆಯಿಂದ ತೆಗೆಯಿತು. ಕೆಲವೇ ವರ್ಷಗಳಲ್ಲಿ ಜನರ ರಕ್ತದಲ್ಲಿ ಆ ಪ್ರತಿಕಾಯಗಳೂ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿನ ಅಲರ್ಜಿಗಳೂ ಇಳಿದವು. ಐರೋಪ್ಯ ಔಷಧ ಸಂಸ್ಥೆ ಫೋಲ್ಕೊಡಿನ್ ಇರುವ ಎಲ್ಲ ಔಷಧಗಳನ್ನೂ ಹಿಂತೆಗೆಯಲು ಶಿಫಾರಸು ಮಾಡಿದ್ದು 2022ರ ಡಿಸೆಂಬರಿನಲ್ಲಿ, ನಾರ್ವೆಗಿಂತ 15 ವರ್ಷ ತಡವಾಗಿ.